ಮೂವರು ಮುಖ್ಯ ಶಿಕ್ಷಕರು, ಮೂರು ಶೈಲಿ: ಮಕ್ಕಳ ಕಲಿಕೆಗೆ ಯಾವುದು ಒದಗಿತು?

ಗಣಿತ ಕಲಿಸುವ ನಾನು ಮೂರು ಬಗೆಯ ಮುಖ್ಯ ಶಿಕ್ಷಕರ ಕೈಕೆಳಗೆ ಕೆಲಸ ಮಾಡಿದ್ದೇನೆ. ಮಕ್ಕಳ ಕಲಿಕೆಯನ್ನೇ ಅಳತೆಗೋಲಾಗಿ ಹಿಡಿದರೆ ನನ್ನ ಮತ ಮೂರನೆಯವರಿಗೆ.

ಮೊದಲನೆಯವರು ಬಲು ಬಿಗಿ. ಗಂಟೆ ಬಾರಿಸಿದೊಡನೆ ವರಾಂಡ ಖಾಲಿ. ಒಂದು ಪಿರಿಯಡ್ಡೂ ಪೋಲಾಗುತ್ತಿರಲಿಲ್ಲ; ಇದು ಸಣ್ಣ ಲಾಭವಲ್ಲ. ಆದರೆ ಅವರು ರಜೆ ಹಾಕಿದ ದಿನ ಇಡೀ ಶಾಲೆ ಸಡಿಲ. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳೊಂದಿಗೆ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು: ಅಧಿಕಾರ ಚಲಾಯಿಸುವ ನಾಯಕ ಹೊರಗೆ ಹೋದರೆ ಹುಡುಗರ ಕೆಲಸ ಕುಸಿಯುತ್ತಿತ್ತು, ಕೂಡಿ ನಿರ್ಧರಿಸುವ ಗುಂಪಿನಲ್ಲಿ ಅಷ್ಟಾಗಿ ಬದಲಾಗಲಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಫಲಿತಾಂಶ ಇಳಿದರೆ ಬೈಗುಳ ಖಚಿತ ಎಂದಾದಾಗ, ಮಕ್ಕಳಿಗೆ ಏನು ಅರ್ಥವಾಗಿಲ್ಲ ಅಂತ ಯಾವ ಶಿಕ್ಷಕರೂ ಬಾಯಿ ಬಿಡುವುದಿಲ್ಲ.

ಎರಡನೆಯವರು ಎಲ್ಲರಿಗೂ ಬೇಕಾದವರು. "ನಿಮ್ಮ ತರಗತಿ, ನಿಮಗೆ ಬಿಟ್ಟದ್ದು" ಅನ್ನುತ್ತಿದ್ದರು. ನುರಿತವರು ಅರಳಿದರು, ಹೊಸಬರು ಒಬ್ಬಂಟಿಯಾಗಿ ಒದ್ದಾಡಿದರು, ವಿಭಾಗ ವಿಭಾಗಗಳ ನಡುವಿನ ಅಂತರ ಬೆಳೆಯಿತು. ಯಾವ ಮೇಷ್ಟ್ರು ಸಿಗುತ್ತಾರೆಂಬ ಅದೃಷ್ಟಕ್ಕೆ ಮಗುವಿನ ಕಲಿಕೆಯನ್ನು ಬಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಮೂರನೆಯವರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಪಾಠ ಮಾಡುವಾಗ ಅವರ ಕಣ್ಣು ಮಕ್ಕಳ ನೋಟ್‌ಬುಕ್ ಮೇಲೆ. ಒಂದು ಕಿರುಪರೀಕ್ಷೆಯ ನಂತರ ಗಣಿತದವರನ್ನೆಲ್ಲ ಕರೆದು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದರು. 1/2 + 1/3 ಎಷ್ಟೆಂದರೆ ಬಹಳ ಮಕ್ಕಳು 2/5 ಎಂದು ಬರೆದಿದ್ದರು. ಮೇಲಿನವನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿಬಿಟ್ಟಿದ್ದರು. "2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಡಿಮೆ ಹೇಗಾಯಿತು ಅಂತ ಮಕ್ಕಳನ್ನೇ ಕೇಳೋಣವೇ?" ಅಂದರು. ಮರುದಿನ ಎಲ್ಲ ವಿಭಾಗಗಳಲ್ಲೂ ಪಾಠ ಅಲ್ಲಿಂದಲೇ ಶುರು. ಕಾಗದದ ಪಟ್ಟಿಯನ್ನು ಆರು ಸಮಭಾಗವಾಗಿ ಮಡಚಿಸಿದೆವು. ಅರ್ಧಕ್ಕೆ ಮೂರು ಭಾಗ, ಮೂರನೇ ಒಂದಕ್ಕೆ ಎರಡು. 5/6 ಮಕ್ಕಳ ಕೈಯಲ್ಲೇ ಇತ್ತು. ಮುಂದಿನ ಪರೀಕ್ಷೆಯಲ್ಲಿ ಆ ತಪ್ಪು ಅಪರೂಪವಾಯಿತು, ಹಿಂದುಳಿದಿದ್ದ ವಿಭಾಗವೂ ಮೇಲೆ ಬಂತು.

ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಬೋಧನೆಯ ಮೇಲೆ ಗಮನವಿಟ್ಟ ನಾಯಕತ್ವದ ಪರಿಣಾಮ ಹುರುಪು ತುಂಬುವ ನಾಯಕತ್ವದ ಮೂರು ನಾಲ್ಕು ಪಟ್ಟು ಕಂಡಿತು. ಅದರಲ್ಲೂ ಶಿಕ್ಷಕರ ಕಲಿಕೆಯಲ್ಲಿ ಮುಖ್ಯಸ್ಥರೂ ಜೊತೆಗೂಡುವುದು ಎಲ್ಲಕ್ಕಿಂತ ಫಲ ಕೊಟ್ಟಿತ್ತು.

ಶಾಲೆ ಪೂರ್ತಿ ಹದಗೆಟ್ಟಿದ್ದರೆ ಆರಂಭದಲ್ಲಿ ಮೊದಲನೆಯವರ ಬಿಗಿಯೇ ಬೇಕು. ಇನ್ನು ಮೂರನೆಯ ಶೈಲಿ ಬೇಡುವುದು ಸಮಯ. ನಮ್ಮವರು ಬೆಳಗಿನ ಮೊದಲೆರಡು ಪಿರಿಯಡ್ ತರಗತಿಗಳಿಗೇ ಮೀಸಲಿಟ್ಟು, ಸಹಿ, ಸುತ್ತೋಲೆಗಳನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರು.