ಫಿಲ್ಕೋ ಮಿಸ್ಟರಿ ಕಂಟ್ರೋಲ್: ಚೌಕ ಬ್ಯಾಟರಿಯೋ, ಬೂಸ್ಟ್ ಮಾಡ್ಯೂಲೋ?

ಮೊದಲೇ ಹೇಳಿಬಿಡುತ್ತೇನೆ. ಫಿಲ್ಕೋ ಮಿಸ್ಟರಿ ಕಂಟ್ರೋಲ್ ಪೆಟ್ಟಿಗೆಯನ್ನು ರಿಪೇರಿ ಮಾಡಿ ಬಳಸಬೇಕು ಅನ್ನುವವರು 9 ವೋಲ್ಟಿನ ಐದು ಚೌಕ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಕಟ್ಟಿ ಹಾಕಿ. ಕಡಿಮೆ ವೋಲ್ಟೇಜನ್ನು ಏರಿಸಿಕೊಡುವ ಬೂಸ್ಟ್ ಮಾಡ್ಯೂಲಿಗೆ ದುಡ್ಡು ಹಾಕಬೇಡಿ. ಎರಡನ್ನೂ ಹಾಕಿ ತಿಂಗಳುಗಟ್ಟಲೆ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು.

ಈ ಪೆಟ್ಟಿಗೆ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಫಿಲಡೆಲ್ಫಿಯಾದ ಫಿಲ್ಕೋ ಕಂಪನಿ ತನ್ನ 1939ರ ದೊಡ್ಡ ರೇಡಿಯೋಗಳ ಜೊತೆ ಕೊಟ್ಟ ವೈರ್ ಇಲ್ಲದ ರಿಮೋಟ್ ಇದು. ಝೆನಿತ್‌ನವರು ಬೆಳಕಿನಿಂದ ಕೆಲಸ ಮಾಡುವ ಟಿವಿ ರಿಮೋಟ್ ತಂದದ್ದು 1955ರಲ್ಲಿ. ಅದಕ್ಕಿಂತ ಹದಿನೈದು ವರ್ಷಕ್ಕೂ ಮೊದಲೇ ಇದು ಕೆಲವರ ಮನೆಯಲ್ಲಿ ಇತ್ತು ಅಂದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ನನ್ನ ಕೈಗೆ ಬಂದದ್ದು 39-116 ಸೆಟ್. ಅಮೆರಿಕದಲ್ಲಿ ಬಹಳ ವರ್ಷ ಇದ್ದು ಮಂಗಳೂರಿಗೆ ವಾಪಸಾದ ಸಂಬಂಧಿಕರು ಮನೆಸಾಮಾನಿನ ಜೊತೆ ಹಡಗಿನಲ್ಲಿ ತಂದಿದ್ದರು. ಜಾಗ ಸಾಲದೆ ನನಗೆ ಕೊಟ್ಟರು.

ಮರದ ಸಣ್ಣ ಪೆಟ್ಟಿಗೆ, ಮೇಲೆ ಟೆಲಿಫೋನಿನ ಹಾಗೆ ಬೆರಳು ಹಾಕಿ ತಿರುಗಿಸುವ ಡಯಲ್. ಒಳಗೆ ಟೈಪ್ 30 ವಾಲ್ವ್ (ಹಳೆಯ ರೇಡಿಯೋಗಳ ಗಾಜಿನ ಬಲ್ಬಿನಂಥ ಭಾಗ) ಒಂದೇ ಒಂದು, ಜೊತೆಗೆ ಅಗಲವಾದ ಒಂದು ಕಾಯಿಲ್. ಡಯಲ್ ಎಳೆದಾಗ ವಾಲ್ವಿಗೆ ಕರೆಂಟು ಸಿಗುತ್ತದೆ. ಬಿಟ್ಟಾಗ ಡಯಲ್ ಹಿಂದಕ್ಕೆ ಬರುತ್ತಾ 350 ಮತ್ತು 400 ಕಿಲೋಹರ್ಟ್ಸ್ ನಡುವಿನ ಒಂದು ಸಿಗ್ನಲನ್ನು ಕಡಿದು ಕಡಿದು ಕಳಿಸುತ್ತದೆ. ರೇಡಿಯೋದ ತಳದಲ್ಲಿರುವ ದೊಡ್ಡ ಕಾಯಿಲ್ ಅದನ್ನು ಹಿಡಿದು, 2ಎ4ಜಿ ಎಂಬ ಥೈರಟ್ರಾನ್ (ಸಿಗ್ನಲ್ ಬಂದಾಗ ಸ್ವಿಚ್ಚಿನಂತೆ ಕರೆಂಟು ಹರಿಸುವ ವಾಲ್ವ್) ಮೂಲಕ ಸ್ಟೆಪ್ಪರ್ ಸ್ವಿಚ್ಚನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳುತ್ತದೆ. ಎಷ್ಟು ಪಲ್ಸ್ ಬಂತೋ ಅಷ್ಟು ಹೆಜ್ಜೆ. ಲೆಕ್ಕ ನಡೆಯುವುದೇ ಎರಡು ಪಲ್ಸಿನ ನಡುವಿನ ಖಾಲಿ ಜಾಗದಿಂದ. ಈ ಖಾಲಿ ಜಾಗ ಖಾಲಿಯಾಗಿಯೇ ಇರಬೇಕು. ನನ್ನ ತಕರಾರೆಲ್ಲ ಇದರ ಸುತ್ತವೇ.

ಬ್ಯಾಟರಿ ವಿಚಾರಕ್ಕೆ ಬರೋಣ. ಆ ಕಾಲದ ಬ್ಯಾಟರಿ ಪ್ಯಾಕ್ ಈಗ ಸಿಗುವುದಿಲ್ಲ. ವಾಲ್ವಿನ ಪ್ಲೇಟಿಗೆ 45 ವೋಲ್ಟ್, ಒಳಗೆ ಬಿಸಿಯಾಗುವ ತಂತಿಗೆ, ಅಂದರೆ ಫಿಲಮೆಂಟಿಗೆ, 2 ವೋಲ್ಟ್ ಬೇಕು. ಹಂಪನಕಟ್ಟೆಯ ಅಂಗಡಿಯಿಂದ ಐದು ಚೌಕ ಬ್ಯಾಟರಿ, ಅದರ ಕ್ಲಿಪ್ಪು, ಎರಡು ಪೆನ್ಸಿಲ್ ಸೆಲ್ ತಂದೆ. ಐದು ಒಂಬತ್ತಲಿ ನಲವತ್ತೈದು. ಪೆನ್ಸಿಲ್ ಸೆಲ್ಲಿನ 3 ವೋಲ್ಟನ್ನು 2ಕ್ಕೆ ಇಳಿಸಬೇಕು. ಟೈಪ್ 30 ಎಳೆಯುವುದು 60 ಮಿಲಿಆಂಪ್, ಹಾಗಾಗಿ ಸುಮಾರು 17 ಓಮಿನ ರೆಸಿಸ್ಟರ್ ಆಗಬೇಕು, ಅಂಗಡಿಯಲ್ಲಿ 18 ಸಿಗುತ್ತದೆ. ವಾಲ್ವಿನ ಪಿನ್ನಿನಲ್ಲಿ ಮೀಟರ್ ಇಟ್ಟು ನೋಡದೆ ಮುಂದೆ ಹೋಗಬೇಡಿ, ಈ ವಾಲ್ವ್ ಸುಟ್ಟರೆ ಇನ್ನೊಂದು ಹುಡುಕುವುದು ಸುಲಭವಲ್ಲ. ಎಲ್ಲ ಸೇರಿಸಿದರೂ ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ. ಡಯಲ್ ತಿರುಗಿಸಿದೆ, ಕ್ಯಾಬಿನೆಟ್ಟಿನೊಳಗೆ ಸ್ಟೆಪ್ಪರ್ ಟಕ ಟಕ ಟಕ ಅಂತು, ಸ್ಟೇಷನ್ ಬದಲಾಯಿತು. ಅಷ್ಟೇ. ಇದರ ಬಗ್ಗೆ ಹೆಚ್ಚು ಬರೆಯಲು ಏನೂ ಇಲ್ಲ, ಅದೇ ಅದರ ದೊಡ್ಡ ಗುಣ.

ಹಾಗಿದ್ದೂ ಮಾಡ್ಯೂಲ್ ತರಿಸಿದ್ದೇಕೆಂದರೆ, ಚಾರ್ಜ್ ಮಾಡುವ ಲಿಥಿಯಂ ಸೆಲ್ ಹಾಕಿದರೆ ಪದೇಪದೇ ಬ್ಯಾಟರಿ ಕೊಳ್ಳುವ ರಗಳೆ ಇಲ್ಲ ಎಂಬ ಲೆಕ್ಕ. ಆನ್‌ಲೈನ್‌ನಲ್ಲಿ 45ರಿಂದ 390 ವೋಲ್ಟ್ ತನಕ ಕೊಡುವ ಬೂಸ್ಟ್ ಬೋರ್ಡ್ ಸಿಗುತ್ತದೆ. ಮೂರು ಲಿಥಿಯಂ ಸೆಲ್ ಕಟ್ಟಿ, 45ಕ್ಕೆ ಹೊಂದಿಸಿದೆ. ಮೀಟರಿನಲ್ಲಿ 45 ಸ್ಥಿರವಾಗಿ ನಿಂತಿತ್ತು. ಡಯಲನ್ನು ಮೂರಕ್ಕೆ ತಿರುಗಿಸಿದರೆ ರೇಡಿಯೋ ಎರಡಕ್ಕೆ ಹೋಯಿತು. ಮತ್ತೆ ತಿರುಗಿಸಿದರೆ ಮೂರಕ್ಕೇ ಹೋಯಿತು. ಐದಕ್ಕೆ ತಿರುಗಿಸಿದರೆ ಮೂರು. ಒಂದೊಂದು ಸಲ ಪೂರ್ತಿ ಸರಿ.

ಮೊದಲು ಡಯಲಿನ ಕಾಂಟ್ಯಾಕ್ಟ್ ಮೇಲೆ ಅನುಮಾನ ಬಂತು. ವಿಸಿಟಿಂಗ್ ಕಾರ್ಡಿನ ತುಂಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎಳೆದು ಕ್ಲೀನ್ ಮಾಡಿದೆ, ಕಾರ್ಡಿಗೆ ಕಪ್ಪು ಗೆರೆ ಬಂತು, ಆದರೆ ತೊಂದರೆ ಹಾಗೇ ಉಳಿಯಿತು. ಚೌಕ ಬ್ಯಾಟರಿ ವಾಪಸು ಹಾಕಿದರೆ ಎಲ್ಲ ಸರಿ. ಆಮೇಲೆ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ತಂದು ಪೆಟ್ಟಿಗೆಯ ಪಕ್ಕ ಹಿಡಿದೆ. ಮೀಡಿಯಂ ವೇವ್ ಉದ್ದಕ್ಕೂ ಜೀರುಂಡೆ ಕೂಗಿದ ಹಾಗೆ ಶಬ್ದ. ಆಸಿಲೋಸ್ಕೋಪ್ (ಸಿಗ್ನಲನ್ನು ಗೆರೆಯಾಗಿ ತೋರಿಸುವ ಯಂತ್ರ) ಇರುವ ಗೆಳೆಯರ ಮನೆಗೆ ಹೊತ್ತುಕೊಂಡು ಹೋದೆ. ನನ್ನ ಬೋರ್ಡಿನ ಸ್ವಿಚಿಂಗ್ 75 ಕಿಲೋಹರ್ಟ್ಸ್ ಆಸುಪಾಸು. ಇಂಥ ಸ್ವಿಚಿಂಗಿನ ಶಬ್ದ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲಕ್ಕೂ ಹರಡುತ್ತದೆ. ಅದರ ಐದು ಪಟ್ಟು ಎಷ್ಟು? 375. ಫಿಲ್ಕೋ ಪೆಟ್ಟಿಗೆ ಮಾತಾಡುವ ಜಾಗದ ನಟ್ಟನಡುವೆ! ಥೈರಟ್ರಾನಿಗೆ ಸಿಗ್ನಲ್ ಹೋಗುವ ಗ್ರಿಡ್ಡಿನಲ್ಲಿ ನೋಡಿದರೆ ಪಲ್ಸ್ ಮತ್ತು ಪಲ್ಸಿನ ನಡುವೆ ಸಪಾಟಾಗಿ ಇರಬೇಕಾದ ಗೆರೆ ದಪ್ಪಗೆ ರೋಮ ಎದ್ದಂತೆ ಕಾಣುತ್ತಿತ್ತು. ಎರಡು ಪಲ್ಸ್ ಅಂಟಿಕೊಂಡು ಒಂದಾಗುತ್ತಿದ್ದವು, ಸ್ಟೆಪ್ಪರ್ ಒಂದು ಹೆಜ್ಜೆ ಕಡಿಮೆ ಇಡುತ್ತಿತ್ತು.

ಚೋಕ್, ಕೆಪಾಸಿಟರ್ ಸೇರಿಸಿ ಫಿಲ್ಟರ್ ಮಾಡಿದೆ. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಬೋರ್ಡಿಗೆ ತಾಮ್ರದ ತಗಡಿನ ಕವಚ ಮಾಡಿದೆ. ಆಗ ಶಬ್ದವೇನೋ ತಗ್ಗಿತು, ಆದರೆ ಅಗಲದ ಕಾಯಿಲಿನ ಪಕ್ಕದಲ್ಲೇ ತಗಡು ಬಂದದ್ದರಿಂದ ಕಾಯಿಲಿನ ಶಕ್ತಿಯನ್ನೇ ಅದು ನುಂಗಿತು, ಫ್ರೀಕ್ವೆನ್ಸಿಯೂ ಸರಿಯಿತು. ಕೋಣೆಯ ಆಚೆ ತುದಿಯಿಂದ ಕೇಳುತ್ತಿದ್ದ ಸೆಟ್ ಪಕ್ಕದ ಕುರ್ಚಿಯಿಂದ ಮಾತ್ರ ಕೇಳತೊಡಗಿತು. ರೇಡಿಯೋ ಕಡೆಯ ಸೆನ್ಸಿಟಿವಿಟಿ ಇಳಿಸಿದರೂ ಇದೇ ಕಥೆ. ಎದ್ದು ಹೋಗಿ ಗುಂಡಿ ತಿರುಗಿಸುವಷ್ಟು ಹತ್ತಿರ ಕೂತು ರಿಮೋಟ್ ಯಾಕೆ ಮಾರಾಯ್ರೆ?

ಇನ್ನೊಂದು ವಿಷಯ. ಡಯಲ್ ಎಳೆದಾಗ ಮಾತ್ರ ಬೋರ್ಡ್ ಆನ್ ಆಗುವ ಹಾಗೆ ಮಾಡಿದರೆ ವೋಲ್ಟೇಜ್ ಏರುವ ಮೊದಲೇ ಮೊದಲ ಪಲ್ಸ್ ಹೋಗಿಬಿಡುತ್ತದೆ. ಸದಾ ಆನ್ ಇಟ್ಟರೆ ಸೆಲ್ ಸುಮ್ಮನೆ ಖಾಲಿ.

ಬೇರೆ ದಾರಿಗಳೂ ಇವೆ. ಚಾರ್ಜ್ ಆಗುವ 9 ವೋಲ್ಟ್ ಬ್ಯಾಟರಿ: ನಿಜದಲ್ಲಿ 9 ಇರುವುದಿಲ್ಲ, ಬಳಸದಿದ್ದರೂ ತಾನೇ ಇಳಿಯುತ್ತದೆ. ಅಡಾಪ್ಟರ್ ವೈರ್ ಎಳೆಯುವುದು: ಬೇಡ. ಒಳಗಿನದೆಲ್ಲ ಕಿತ್ತು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು 433 ಮೆಗಾಹರ್ಟ್ಸ್ ರೇಡಿಯೋ ಬೋರ್ಡ್ ಕೂರಿಸುವವರೂ ಇದ್ದಾರೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಆ ಒಂದು ವಾಲ್ವ್ ಮತ್ತು ಆ ಕಾಯಿಲ್ ಹೋದ ಮೇಲೆ ನನಗೆ ಆ ಪೆಟ್ಟಿಗೆ ಬೇಡ.

ಚೌಕ ಬ್ಯಾಟರಿಗೂ ಒಂದು ದೋಷ ಇದೆ, ಅದು ನಮ್ಮ ಕರಾವಳಿಯದು. ಜೂನ್ ಬಂತೆಂದರೆ ಕ್ಲಿಪ್ಪಿನ ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ, ಹಳೆಯ ಸೆಲ್ ಒಸರಲು ಶುರುಮಾಡುತ್ತದೆ. ಆಟಿಯಲ್ಲಿ (ತುಳುನಾಡಿನ ಜೋರು ಮಳೆಯ ತಿಂಗಳು) ನಾನು ಬ್ಯಾಟರಿಯನ್ನೆಲ್ಲ ಹೊರಗೆ ತೆಗೆದು ಡಬ್ಬಿಯಲ್ಲಿಡುತ್ತೇನೆ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಕಾಯಿಲಿನ ಸಣ್ಣ ತಂತಿಗೆ ಸೆಲ್ಲಿನ ನೀರು ತಾಗಿದರೆ ಮತ್ತೆ ಸುತ್ತಿಸುವುದು ದೊಡ್ಡ ಕೆಲಸ.

ನಾನು ರೇಡಿಯೋ ಹಾಕುವುದು ಸಂಜೆ ಹೊತ್ತು ಮಾತ್ರ. ಡಯಲ್ ತಿರುಗಿಸುವ ಕೆಲವು ಕ್ಷಣ ಬಿಟ್ಟರೆ ಬ್ಯಾಟರಿಗೆ ಕೆಲಸವೇ ಇಲ್ಲ. ಬಳಸಿ ಮುಗಿಯುವ ಮೊದಲು ಹಳೆಯದಾಗಿಯೇ ಅದು ಹಾಳಾಗುವುದು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಹೊಸ ಸೆಟ್ ಹಾಕಿದರೆ ನನಗೆ ಸಾಕು. ಮಾಡ್ಯೂಲ್, ಲಿಥಿಯಂ ಸೆಲ್, ಚಾರ್ಜರ್‌ಗೆ ಹೋದ ದುಡ್ಡಿನಲ್ಲಿ ಹಲವು ವರ್ಷದ ಚೌಕ ಬ್ಯಾಟರಿ ಬರುತ್ತಿತ್ತು.

ಸೆಟ್ ಕೈಗೆ ಬಂದವರಿಗೆ ಎರಡು ಮಾತು. ಅಮೆರಿಕದ ರೇಡಿಯೋ 115 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆ ಕಾಲದ ಫಿಲ್ಕೋದಲ್ಲಿ ರಬ್ಬರ್ ಹೊದಿಕೆಯ ವೈರ್ ಮುಟ್ಟಿದರೆ ಪುಡಿಯಾಗುತ್ತದೆ. ಕರೆಂಟು ಕೊಡುವ ಮೊದಲು ಅದನ್ನೆಲ್ಲ ಬದಲಾಯಿಸಿ. ನನ್ನ ಬೂಸ್ಟ್ ಬೋರ್ಡ್ ಚೆನ್ನಾಗಿಯೇ ಇದೆ. ಹೆಚ್ಚು ವೋಲ್ಟೇಜಿನಲ್ಲಿ ಬೆಳಗುವ ಗಾಜಿನ ಅಂಕಿಗಳ ನಿಕ್ಸಿ ಗಡಿಯಾರ ಕಟ್ಟುವವರು ಮಂಗಳೂರು, ಉಡುಪಿ ಕಡೆ ಯಾರಾದರೂ ಇದ್ದರೆ ಕೇಳಿ, ಕೊಟ್ಟುಬಿಡುತ್ತೇನೆ.