ಅಡ್ವಾನ್ಸ್ ಕೊಡೋಕೆ ಮುಂಚೆ ಓದಿ: ಒಬ್ಬನೇ ಓನರ್, 48 ಮನೆ, ನಮ್ಮ ದುಡ್ಡು

1,32,000 ಅಡ್ವಾನ್ಸ್‌ನಲ್ಲಿ 44,840 ಕಟ್. ಬೆಂಗಳೂರಿನ ಮಾರತಹಳ್ಳಿ ಕಡೆ ಒಂದು ಬಿಎಚ್‌ಕೆ, ಬಾಡಿಗೆ 22,000, ಅಡ್ವಾನ್ಸ್ ಆರು ತಿಂಗಳದ್ದು. ಹತ್ತು ತಿಂಗಳ ಅಡ್ವಾನ್ಸ್ ಕೇಳೋದೇ ರೂಢಿ ಆಗಿದ್ದ ಊರಲ್ಲಿ ಆರೇ ಸಾಕು ಅಂದ್ರೆ ಪರವಾಗಿಲ್ಲ, ಒಳ್ಳೇ ಜನ ಅನ್ನಿಸುತ್ತೆ. ಹಾಗೆ ಅನ್ನಿಸಲಿ ಅಂತಲೇ ಆರು.

ಖಾಲಿ ಮಾಡಿದ ಮೇಲೆ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಪೇಂಟಿಂಗ್ 22,000. ಕ್ಲೀನಿಂಗ್ 4,500. ಗೀಸರ್ 3,200. ಬಾತ್‌ರೂಮ್ ಫಿಟ್ಟಿಂಗ್ 6,800. ಬೀಗ ಬದಲಾವಣೆ 1,500. ಒಟ್ಟು 38,000. ಅದರ ಮೇಲೆ 18% ಜಿಎಸ್‌ಟಿ, 6,840. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲ! ನಂಬರ್ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡೋ ಹಾಗೇ ಇಲ್ಲ, ಅದನ್ನ ಕೇಳಿದ್ರೆ ಓನರ್ ಇಟ್ಟಿರೋ ಮ್ಯಾನೇಜರ್ ಉತ್ತರ: "ಅದು ಸಿಸ್ಟಮ್ ಜನರೇಟೆಡ್ ಸರ್."

ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹೋಗುತ್ತೆ ಅನ್ನೋದು ಬೆಂಗಳೂರಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೆ ನನ್ನ ತಕರಾರಿಲ್ಲ (ಇದೆ, ಆಮೇಲೆ ಹೇಳ್ತೀನಿ). ರಕ್ತ ಕುದ್ದಿದ್ದು ಬಾತ್‌ರೂಮ್ ಫೋಟೋ ನೋಡಿ. ಒಡೆದ ನಲ್ಲಿ, ಕಿತ್ತುಹೋದ ಶವರ್, ನೀಲಿ ಟೈಲ್ಸ್. ನಮ್ಮ ಮನೆಯ ಬಾತ್‌ರೂಮ್ ಟೈಲ್ಸ್ ಬಿಳಿ. ಇಡೀ ಮನೆಯಲ್ಲಿ ಒಂದೇ ಒಂದು ನೀಲಿ ಟೈಲ್ ಇಲ್ಲ. ಬೇರೆ ಯಾರದೋ ಮನೆಯ ಫೋಟೋ ಹಾಕಿ ನಮ್ಮ ಲೆಕ್ಕದಲ್ಲಿ 6,800 ಬರೆದಿದ್ದಾರೆ. ಕೇಳಿದ್ದಕ್ಕೆ ಬಂದ ಉತ್ತರ ಇದ್ದ ಹಾಗೇ ಬರೀತೀನಿ: "ಅದು ಸ್ಯಾಂಪಲ್ ಫೋಟೋ ಸರ್, ಡ್ಯಾಮೇಜ್ ಹೇಗಿರುತ್ತೆ ಅಂತ ತೋರಿಸೋಕೆ." ಸ್ಯಾಂಪಲ್ ಫೋಟೋ! ಸ್ಯಾಂಪಲ್ ಡ್ಯಾಮೇಜಿಗೆ ನಿಜವಾದ ದುಡ್ಡು.

ಗೀಸರ್ ವಿಷಯ ಇನ್ನೂ ಚೆನ್ನಾಗಿದೆ. ಆ ಕಡೆ ಬಿಲ್ಡಿಂಗ್‌ಗಳಲ್ಲಿ ಬರೋದು ಬೋರ್‌ವೆಲ್ ಇಲ್ಲಾಂದ್ರೆ ಟ್ಯಾಂಕರ್ ನೀರು, ಗಡಸು ನೀರು. ಎಲಿಮೆಂಟ್ ಮೇಲೆ ಸುಣ್ಣದ ಪದರ ಕಟ್ಟುತ್ತೆ, ಶಾಖ ನೀರಿಗೆ ದಾಟಲ್ಲ, ಎಲಿಮೆಂಟ್ ತಾನೇ ಕಾದು ಸುಟ್ಟುಹೋಗುತ್ತೆ. ನಲ್ಲಿ ಬಾಯಿಯ ಜಾಲರಿ ಬೆಳ್ಳಗೆ ಕಟ್ಟಿಕೊಳ್ಳೋದೂ ಇದರಿಂದಲೇ. ಬಾಡಿಗೆಯವರು ಒಡೆದಿದ್ದಲ್ಲ, ನೀರು ಮಾಡಿದ್ದು. ಎಲಿಮೆಂಟ್ ಬದಲಾಯಿಸೋಕೆ ಎಲೆಕ್ಟ್ರಿಷಿಯನ್ ಕೂಲಿ ಸೇರಿದ್ರೂ 3,200 ಆಗಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ: ಬಾಡಿಗೆದಾರ ಮನೆಯನ್ನ ಬಂದಾಗಿನ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ಸಹಜ ಬಳಕೆಯ ಸವೆತ ಅವನ ಮೇಲೆ ಬರಲ್ಲ. ಇದನ್ನ ಕಳಿಸಿದ್ರೆ ಮ್ಯಾನೇಜರ್ ಥಂಬ್ಸ್ ಅಪ್ ಹಾಕಿ ಸುಮ್ಮನಾದ.

ಈಗ ಪೇಂಟಿಂಗ್. ಅಗ್ರಿಮೆಂಟ್‌ನಲ್ಲಿ "ಒಂದು ತಿಂಗಳ ಬಾಡಿಗೆ ಅಥವಾ ನಿಜವಾದ ಖರ್ಚು, ಯಾವುದು ಹೆಚ್ಚೋ ಅದು" ಅಂತ ಇರುತ್ತೆ. ಆ ಕೊನೇ ಮೂರು ಪದ ಹೊಡೆಸಿ ಹಾಕಿ. ಚಿಕ್ಕ ಒಂದು ಬಿಎಚ್‌ಕೆಗೆ ಎರಡು ಕೋಟ್ ಹೊಡೆಯೋಕೆ 20 ಲೀಟರ್ ಡ್ರಮ್ ಒಂದು ಹೆಚ್ಚೂಕಡಿಮೆ ಸಾಕು. ನಮ್ಮ ವಿಷಯದಲ್ಲಿ ಅದೂ ಇಲ್ಲ. ಪೇಂಟೇ ಹೊಡೆದಿಲ್ಲ. ನಾವು ಮೊಳೆ ಹೊಡೆದ ತೂತಿಗೆ ಪುಟ್ಟಿ ತುಂಬಿ ಹೊಸಬರಿಗೆ ಬೀಗದ ಕೈ ಕೊಟ್ಟಿದ್ದಾರೆ, ಕೆಳಗಿನ ಮನೆಯವರೇ ಹೇಳಿದ್ರು. ಹೊಸಬರು ಬಿಡುವಾಗ ಅವರಿಂದಲೂ ಪೇಂಟಿಂಗ್ ದುಡ್ಡು ಮುರ್ಕೊಳ್ತಾರೆ. ಇಷ್ಟು ಸಾಲದು ಅಂತ, ಬಾಡಿಗೆ ಆದಾಯದ ಮೇಲೆ ಮಾಲೀಕರಿಗೆ ಆದಾಯ ತೆರಿಗೆಯಲ್ಲಿ ರಿಪೇರಿ ವಗೈರೆ ಲೆಕ್ಕಕ್ಕೆ 30% ವಿನಾಯಿತಿ ಸಿಗುತ್ತೆ, ಬಿಲ್ ತೋರಿಸಬೇಕಾಗಿಲ್ಲ, ಖರ್ಚು ಮಾಡಿರಲೇಬೇಕು ಅಂತಲೂ ಇಲ್ಲ. ಒಂದೇ ಗೋಡೆಗೆ ಸರ್ಕಾರದಿಂದ ಒಮ್ಮೆ, ನಮ್ಮಿಂದ ಒಮ್ಮೆ.

"ಬಾಕಿ 87,160 ಯಾವಾಗ ಕೊಡ್ತೀರಾ?" ಅಂದ್ರೆ: "ಹೊಸ ಟೆನೆಂಟ್ ಅಡ್ವಾನ್ಸ್ ಹಾಕಿದ ಮೇಲೆ ಸರ್, ಮೂರು ಕಂತಲ್ಲಿ."

ಈ ಒಂದು ಉತ್ತರದಲ್ಲಿ ಇಡೀ ವ್ಯವಹಾರ ಇದೆ. ನಮ್ಮ ಅಡ್ವಾನ್ಸ್ ಎಲ್ಲೂ ಭದ್ರವಾಗಿ ಇಟ್ಟಿಲ್ಲ. ಖರ್ಚಾಗಿದೆ. ಮನೆ ತೋರಿಸುವಾಗ ಇದೇ ಮ್ಯಾನೇಜರ್ ಜಂಬದಿಂದ ಹೇಳಿದ್ದ, ಮೂರು ಬಿಲ್ಡಿಂಗ್, 48 ಮನೆ, ನಾಲ್ಕನೇದಕ್ಕೆ ಸೈಟ್ ತಗೊಂಡಾಗಿದೆ ಅಂತ. 48 ಮನೆ, ತಲಾ 1,32,000 ಅಂದ್ರೆ 63 ಲಕ್ಷದ ಮೇಲೆ, ಬಡ್ಡಿಯಿಲ್ಲದ ಸಾಲ. ಬ್ಯಾಂಕಲ್ಲಿ 7% ಅಂತ ಇಟ್ಟರೂ ವರ್ಷಕ್ಕೆ 4.4 ಲಕ್ಷ ಬಡ್ಡಿ. ವರ್ಷಕ್ಕೆ 30 ಮನೆ ಖಾಲಿಯಾದರೆ ಪೇಂಟಿಂಗ್ ಒಂದರಿಂದಲೇ 6.6 ಲಕ್ಷ. ಅಂದ್ರೆ ನಾವು ಬೇಗ ಬೇಗ ಖಾಲಿ ಮಾಡಿದಷ್ಟೂ ಓನರ್‌ಗೆ ಲಾಭ. ಮನೆ ಕೊಳ್ಳೋಕೆ ದುಡ್ಡು ಕೂಡಿಸ್ತಿರೋ ಬಾಡಿಗೆಯವರ ಅಡ್ವಾನ್ಸ್ ಹಿಡಿದುಕೊಂಡು, ಅವರು ನೋಡ್ತಿರೋ ಸೈಟನ್ನೇ ಇವನು ಕೊಳ್ತಾನೆ. ಇದರಲ್ಲಿ ತಪ್ಪೇನಿದೆ, ಬಿಸಿನೆಸ್ ಅಲ್ವಾ ಅನ್ನೋರಿಗೆ: ಸಾಲ ತಗೊಂಡು ಬಿಸಿನೆಸ್ ಮಾಡಲಿ, ಬ್ಯಾಂಕಿಗೆ ಬಡ್ಡಿ ಕಟ್ಟಲಿ. ಡೆಪಾಸಿಟ್ ಅಂತ ಹೇಳಿ ಇಸ್ಕೊಂಡು ಬಂಡವಾಳ ಮಾಡಿಕೊಳ್ಳೋದು ಬೇರೆ.

"ಇಷ್ಟ ಇಲ್ಲದಿದ್ರೆ ಬರಬಾರದಿತ್ತು ಸರ್, ನಾವೇನು ಎಳ್ಕೊಂಡು ಬಂದ್ವಾ?" ಇದೂ ಮ್ಯಾನೇಜರ್‌ದೇ ಮಾತು. ಅದೇ ಕ್ರಾಸಲ್ಲಿ ನಾಲ್ಕು ಟು-ಲೆಟ್ ಬೋರ್ಡ್, ನಾಲ್ಕು ಬೇರೆ ಬೇರೆ ನಂಬರ್. ಯಾವುದಕ್ಕೆ ಫೋನ್ ಮಾಡಿದ್ರೂ ಕೊನೆಗೆ ಮಾತಿಗೆ ಸಿಗೋದು ಇವನೇ. ಇದಕ್ಕೆ ಆಯ್ಕೆ ಅಂತಾರಾ?

ಆದರೂ ಜನ ಇಂಥವರ ಹತ್ರವೇ ಯಾಕೆ ಹೋಗ್ತಾರೆ ಅನ್ನೋದು ನನಗೂ ಗೊತ್ತು. ಮೇಲಿನ ಮನೆಯಲ್ಲೇ ಇರೋ ಚಿಕ್ಕ ಓನರ್ ಯಾವ ಜಾತಿ, ನಾನ್‌ವೆಜ್ ಮಾಡ್ತೀರಾ, ಬ್ಯಾಚುಲರಾ, ರಾತ್ರಿ ಎಷ್ಟೊತ್ತಿಗೆ ಬರ್ತೀರಾ ಅಂತೆಲ್ಲ ಕೇಳ್ತಾರೆ, ಹತ್ತಕ್ಕೆ ಗೇಟಿಗೆ ಬೀಗ. ದೊಡ್ಡ ಓನರ್ ಇದೇನೂ ಕೇಳಲ್ಲ, ಆಧಾರ್ ಕಾಪಿ ಮತ್ತು ಟೋಕನ್ ದುಡ್ಡು ಸಾಕು. ಹೆಸರು ನೋಡಿ ಮನೆ ಇಲ್ಲ ಅನ್ನಿಸಿಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ, ಅವರನ್ನ ಬೈಯೋ ಹಕ್ಕು ಯಾರಿಗೂ ಇಲ್ಲ. ಆಯ್ಕೆ ಇರೋರಿಗೆ ಮಾತ್ರ ಹೇಳ್ತೀನಿ: ನೂರು ಪ್ರಶ್ನೆ ಕೇಳಿದ್ರೂ ಚಿಕ್ಕ ಓನರ್‌ಗೆ ಮುಖ ಇದೆ, ಬಾಗಿಲು ಬಡೀಬಹುದು. ನಮ್ಮ ದೊಡ್ಡ ಓನರ್ ಮುಖ ನಾವು ನೋಡಿಯೇ ಇಲ್ಲ. ಯಾವಾಗ ಕೇಳಿದ್ರೂ "ಓನರ್ ಊರಲ್ಲಿಲ್ಲ."

ಕಾನೂನು? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸಲ್ಲ. ಆ ಬಾಡಿಗೆಗೆ ಈಗ ಮನೆ ಎಲ್ಲಿದೆ ತೋರಿಸಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳು ಮೀರಬಾರದು ಅಂತಿದೆ, ಆದರೆ ಹೆಸರೇ ಹೇಳೋ ಹಾಗೆ ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಕಾನೂನು. ಹಾಗಾಗಿ ಅಗ್ರಿಮೆಂಟೇ ಗತಿ. ಅದರಲ್ಲಿ ಇವು ಇರಲಿ: ಅಡ್ವಾನ್ಸ್ ಮೊತ್ತ, ಹಾಕಿದ ತಾರೀಖು, ಟ್ರಾನ್ಸಾಕ್ಷನ್ ನಂಬರ್. ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ವಾಪಸ್. ಯಾವ ಕಡಿತಕ್ಕೂ ಅಂಗಡಿ ಬಿಲ್. ಎರಡು ತಿಂಗಳ ನೋಟಿಸ್ ಅಂದ್ರೆ ಹೇಳಿದ ದಿನದಿಂದಲೋ, ಮುಂದಿನ ಒಂದನೇ ತಾರೀಖಿಂದಲೋ (ಅಲ್ಲೇ ಇಪ್ಪತ್ತು ದಿನದ ಬಾಡಿಗೆ ಜೇಬಿಗೆ ಇಳಿಸ್ತಾರೆ).

ಅತಿ ಮುಖ್ಯ: ಅಗ್ರಿಮೆಂಟ್‌ನಲ್ಲಿ ಒಬ್ಬರ ಹೆಸರು, ಬಾಡಿಗೆ ಇನ್ನೊಬ್ಬರ ಅಕೌಂಟಿಗೆ, ಅಡ್ವಾನ್ಸ್ ಮತ್ತೊಬ್ಬರ ನಂಬರಿಗೆ ಅಂದ್ರೆ ಅಲ್ಲೇ ಎದ್ದು ಬನ್ನಿ. ನಾಳೆ ನೋಟಿಸ್ ಯಾರಿಗೆ ಕಳಿಸ್ತೀರಾ? ಖಾತಾ, ಕಂದಾಯ ಕಟ್ಟಿದ ರಸೀದಿ, ಬೆಸ್ಕಾಂ ಬಿಲ್, ಮೂರರಲ್ಲಿರೋ ಹೆಸರನ್ನೂ ಹೋಲಿಸಿ. ಮೀಟರ್ ನಿಮ್ಮ ಮನೆಗೇ ಬೇರೆ ಇದೆಯಾ ನೋಡಿ, ಸಬ್ ಮೀಟರ್ ಆದ್ರೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಬರಲ್ಲ. ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ಓನರ್ ಪ್ಯಾನ್ ಬೇಕೇ ಬೇಕು, ಅದನ್ನ ಮೊದಲ ದಿನವೇ ಕೇಳಿ, ಮುಖ ಹೇಗಾಗುತ್ತೆ ನೋಡಿ. ಭೋಗ್ಯಕ್ಕೆ ಹೋಗೋರು ಇನ್ನೂ ಹುಷಾರು: ಓನರ್ ಹತ್ರ ತಿಂಗಳ ಬಾಡಿಗೆಗೆ ಹಿಡಿದ ಮನೆಯನ್ನೇ ನಿಮಗೆ ಲಕ್ಷಗಟ್ಟಲೆ ಇಸ್ಕೊಂಡು ಭೋಗ್ಯಕ್ಕೆ ಕೊಡೋ ಕಂಪನಿಗಳಿವೆ. ಖಾತಾದಲ್ಲಿರೋ ಮನುಷ್ಯನೇ ಬಂದು ಸಹಿ ಹಾಕದೆ ಒಂದು ರೂಪಾಯಿ ಬೇಡ.

ಮನೆಗೆ ಹೋದ ದಿನವೇ ವಿಡಿಯೋ ಮಾಡಿ, ಟೈಲ್ಸ್ ಬಣ್ಣ ಕಾಣೋ ಹಾಗೆ. ಅದನ್ನ ಮ್ಯಾನೇಜರ್‌ಗೆ ಅವತ್ತೇ ಕಳಿಸಿ. ನಮ್ಮ ಹತ್ರ ಇದ್ದಿದ್ದು ಆ ವಿಡಿಯೋನೇ. ಅದು ಇರೋದಕ್ಕೇ ಸ್ಯಾಂಪಲ್ ಫೋಟೋ ಅಂತಾದ್ರೂ ಬಾಯಿಬಿಟ್ಟ.

ಇನ್ನೊಂದು. ನೋಟಿಸ್ ಅವಧಿಯಲ್ಲಿ ಮನೆ ನೋಡೋಕೆ ಜನ ಬರ್ತಾರೆ. ಆಗ ಮ್ಯಾನೇಜರ್ ಹೇಳಿದ್ದು: "ಬರೋರ ಹತ್ರ ಏನೂ ಹೇಳ್ಬೇಡಿ ಸರ್, ನಿಮ್ಮ ಅಡ್ವಾನ್ಸೇ ಲೇಟಾಗುತ್ತೆ. ನೀವೇ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಬೇಗ ಸೆಟಲ್ ಮಾಡ್ಸಿ ಕೊಡ್ತೀನಿ." ನಮ್ಮ ದುಡ್ಡು ನಮಗೆ ಸಿಗಬೇಕಾದ್ರೆ ಆಫೀಸಿನ ಗೆಳೆಯನನ್ನ ತಂದು ಅದೇ ಗುಂಡಿಗೆ ತಳ್ಳಬೇಕಂತೆ! ತಳ್ಳಬೇಡಿ. ನೀರು ಹೇಗೆ, ಕಡಿತ ಹೇಗೆ, ಬಂದವರಿಗೆ ಬಾಯಿಬಿಟ್ಟು ಹೇಳಿ. ನಮಗೆ ಅದರಿಂದ ತಡವೇ ಆಯ್ತು, ಆಗಲಿ.

ಈಗ ಲಾಯರ್ ನೋಟಿಸ್ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಿದೆ. ಬಾಕಿ ವಸೂಲಿಗೆ ದಾವೆ ಹಾಕೋಕೆ ಮೂರು ವರ್ಷ ಕಾಲಾವಕಾಶ ಇರುತ್ತೆ. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್‌ಗೆ ಹೋಗಬಹುದು, ಕೋರ್ಟ್ ಫೀಸ್ ಇಲ್ಲ. ನೋಟಿಸ್ ತಲುಪಿದ ಮೇಲೆ ಮ್ಯಾನೇಜರ್ ತಾನಾಗೇ ಫೋನ್ ಮಾಡಿ, 87,160 ಒಂದೇ ಸಲ ಕೊಡ್ತೀವಿ, "ಫುಲ್ ಅಂಡ್ ಫೈನಲ್" ಅಂತ ಒಂದು ವೋಚರ್‌ಗೆ ಸಹಿ ಹಾಕಿ ಸರ್ ಅಂದ. ಸಹಿ ಹಾಕಿದ್ರೆ ಉಳಿದ 44,840 ಕೇಳೋ ದಾರಿ ಮುಚ್ಚಿದ ಹಾಗೆ. ನಿಮಗೂ ಆ ಕಾಗದ ಬರುತ್ತೆ. ದುಡ್ಡು ಅಕೌಂಟಿಗೆ ಹಾಕಲಿ, "ಭಾಗಶಃ ಪಾವತಿ, ಬಾಕಿ ಹಕ್ಕು ಕಾಯ್ದಿರಿಸಿದೆ" ಅಂತ ವಾಟ್ಸಾಪ್‌ನಲ್ಲೂ ಇಮೇಲ್‌ನಲ್ಲೂ ಬರೆದು ಕಳಿಸಿ.