ಬೇಸಿಗೆ ರಜೆಗೆ ಬಾಡಿಗೆ ಮನೆ ಏನು ಮಾಡೋದು? ಸಬ್‌ಲೀಸ್, ಬೀಗ, ಸ್ಟೋರೇಜ್ ಮೂರನ್ನೂ ನೋಡಿದ ಮೇಲೆ

ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್-ಅರ್ಬಾನಾ ಅನ್ನೋದು ಯೂನಿವರ್ಸಿಟಿಯನ್ನೇ ನೆಚ್ಚಿಕೊಂಡ ಜೋಡಿ ಊರು. ಇಲ್ಲಿ ವಿದ್ಯಾರ್ಥಿಗಳ ಲೀಸ್, ಅಂದರೆ ಬಾಡಿಗೆ ಕರಾರು, ಬಹುಪಾಲು ಆಗಸ್ಟಿನಿಂದ ಮುಂದಿನ ಜುಲೈ ಕೊನೆಯವರೆಗೆ. ಪರೀಕ್ಷೆ ಮುಗಿಯೋದು ಮೇ ನಡುವೆ. ಆಮೇಲೆ ನೀವು ಊರಿಗೆ ಹೋಗಿ, ಇಂಟರ್ನ್‌ಶಿಪ್ಪಿಗೆ ಹೋಗಿ, ಬಾಡಿಗೆ ಮಾತ್ರ ನಿಲ್ಲೋದಿಲ್ಲ. ಪಿಎಚ್‌ಡಿ ಮಾಡುತ್ತಾ ಒಂದೊಂದು ಬೇಸಿಗೆಗೆ ಒಂದೊಂದು ದಾರಿ ಹಿಡಿದಿದ್ದೇನೆ. ಹೊಸದಾಗಿ ಬಂದ ನಮ್ಮ ಹುಡುಗರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೀಗ ಹಾಕಿಕೊಂಡು ಹೋಗೋದು ನೆಮ್ಮದಿ. ಆದರೆ ನನ್ನ ರೂಮಿಗೆ ತಿಂಗಳಿಗೆ 650 ಡಾಲರ್. ಖಾಲಿ ಮನೆಗೆ ಕಟ್ಟಿದ ದುಡ್ಡಿನಲ್ಲಿ ಬೆಂಗಳೂರಿಗೆ ಹೋಗಿಬರುವ ಟಿಕೆಟ್ ಬರುತ್ತಿತ್ತು. ಇನ್ನೊಂದು ವಿಷಯ: ನಮ್ಮ ದಾವಣಗೆರೆ ಕಡೆಯಂತೆ ಇಲ್ಲೂ ಸುತ್ತ ಮೆಕ್ಕೆಜೋಳವೇ. ಜುಲೈನಲ್ಲಿ ಆ ಬೆಳೆ ಬಿಡುವ ತೇವವೂ ಸೇರಿ ವಿಪರೀತ ಸೆಕೆ. ಎಸಿ ಪೂರ್ತಿ ಆರಿಸಿ ಹೋದರೆ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕರೆಂಟ್ ಬಿಲ್ಲೂ ನಿಮ್ಮದೇ.

ಸಬ್‌ಲೀಸ್ ಅಂದರೆ ನಿಮ್ಮ ಬಾಡಿಗೆ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡೋದು. ಅದರಲ್ಲಿ ಪೂರ್ತಿ ಬಾಡಿಗೆ ಹುಟ್ಟುತ್ತದೆ ಎಂದುಕೊಳ್ಳಬೇಡಿ. ಊರಿಗೆ ಊರೇ ಒಟ್ಟಿಗೆ ಖಾಲಿಯಾಗುವಾಗ ಮನೆ ಹೆಚ್ಚು, ಜನ ಕಡಿಮೆ. ನನಗೆ ಸಿಕ್ಕಿದ್ದು 400 ಡಾಲರ್. ಆದರೂ ಬೀಗಕ್ಕಿಂತ ಇದೇ ವಾಸಿ. ಯೂನಿವರ್ಸಿಟಿಯ ರಿಸರ್ಚ್ ಪಾರ್ಕಿನ ಕಂಪನಿಗಳಿಗೆ ಬೇಸಿಗೆ ಇಂಟರ್ನ್‌ಗಳು ಬರುತ್ತಾರೆ, ಬೇರೆ ಕಾಲೇಜಿನಿಂದ ಲ್ಯಾಬ್ ಕೆಲಸಕ್ಕೂ ಬರುತ್ತಾರೆ. ಅವರು ಮನೆ ಹುಡುಕೋದು ಮಾರ್ಚ್-ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಜಾಹೀರಾತು ಹಾಕಿದವರು ಬಾಡಿಗೆ ಇನ್ನೂ ಇಳಿಸಬೇಕಾಗುತ್ತದೆ.

ಮುಖ್ಯವಾದ ಮಾತು ಇದು: ಸಬ್‌ಲೀಸ್ ಕೊಟ್ಟರೂ ಲೀಸಿನಲ್ಲಿ ಇರೋದು ನಿಮ್ಮ ಹೆಸರೇ. ಬಂದವರು ಬಾಡಿಗೆ ಕಟ್ಟದಿದ್ದರೆ, ಗೋಡೆ ಒಡೆದರೆ, ಮಾಲೀಕರು ಹಿಡಿಯೋದು ನಿಮ್ಮನ್ನೇ. ಅದಕ್ಕೆ ಮಾಲೀಕರ ಲಿಖಿತ ಒಪ್ಪಿಗೆ, ಬರುವವರ ಜೊತೆ ಒಂದು ಪತ್ರ, ಒಂದಿಷ್ಟು ಡೆಪಾಸಿಟ್ ಬೇಕೇ ಬೇಕು. ನಾನು ಒಲೆಯ ಒಂದೊಂದು ಕಾಯಿಲ್, ಫ್ರಿಜ್ಜಿನ ಒಳಗು, ಕಟ್ಟೆ ಮೇಲೆ ನಮ್ಮದೇ ಒಗ್ಗರಣೆಯ ಅರಿಶಿನದ ಕಲೆ, ಎಲ್ಲದರ ಫೋಟೊ ತೆಗೆದು ಇಬ್ಬರ ಇಮೇಲಿಗೂ ಹಾಕಿದ್ದೆ. ಬಿಡುವಾಗ ಅರ್ಧ ಗಂಟೆಯಲ್ಲಿ ಲೆಕ್ಕ ಚುಕ್ತಾ ಆಯಿತು. ಮನೆ ನೋಡದೆಯೇ ಬಾಡಿಗೆಗಿಂತ ದೊಡ್ಡ ಮೊತ್ತದ ಚೆಕ್ ಕಳಿಸಿ, ಮಿಕ್ಕಿದ್ದು ವಾಪಸ್ ಹಾಕಿ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ನೀವು ದುಡ್ಡು ಹಾಕಿದ ಮೇಲೆ ಆ ಚೆಕ್ ಬೌನ್ಸ್ ಆಗುತ್ತದೆ.

ರೀಲೆಟ್ ಅನ್ನೋದು ಸಬ್‌ಲೀಸಿಗೆ ತದ್ವಿರುದ್ಧ. ಲೀಸೇ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ, ಮಾಲೀಕರು ಅದಕ್ಕೊಂದು ಫೀ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳಿಗಾಗಿ ಪೂರ್ತಿ ಬಾಡಿಗೆಗೆ ಯಾರೂ ಬರೋದಿಲ್ಲ. ಮುಂದಿನ ವರ್ಷಕ್ಕೂ ಲೀಸ್ ನವೀಕರಿಸಿಬಿಟ್ಟು, ಇಂಟರ್ನ್‌ಶಿಪ್ ಡಿಸೆಂಬರ್‌ವರೆಗೆ ಎಳೆದರೆ ಮಾತ್ರ ಇದೇ ಸರಿ. ನಾನು ಹಾಗೇ ಮಾಡಿದೆ. ಫೀ ಹೋಯಿತು, ತಲೆನೋವೂ ಹೋಯಿತು. ಹೊಸ ಪತ್ರದಲ್ಲಿ ನಿಮ್ಮ ಹೊಣೆ ಮುಗಿಯಿತು ಎಂದು ಬರೆದಿದೆಯೇ ನೋಡಿಕೊಳ್ಳಿ. ಓದಿ ಹೇಳಲು ಯೂನಿವರ್ಸಿಟಿಯ ಆಫ್-ಕ್ಯಾಂಪಸ್ ಕಮ್ಯುನಿಟಿ ಲಿವಿಂಗ್ ಆಫೀಸಿದೆ.

ಹೇಳದೇ ಬಿಟ್ಟುಹೋದರೂ ನಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ಬಿಟ್ಟುಹೋದ ಮನೆಗೆ ಬೇರೆ ಬಾಡಿಗೆದಾರರನ್ನು ಹುಡುಕಲು ಮಾಲೀಕರು ತಕ್ಕ ಪ್ರಯತ್ನ ಮಾಡಬೇಕು ಎಂದು ಇಲಿನಾಯ್ ಕಾನೂನು ಹೇಳೋದು ನಿಜ. ಆದರೆ ಯಾರಾದರೂ ಸಿಗುವತನಕದ ಬಾಕಿ ನಿಮ್ಮ ತಲೆ ಮೇಲೇ.

ಸ್ಟೋರೇಜ್, ಅಂದರೆ ಸಾಮಾನು ಇಡಲು ಬಾಡಿಗೆಗೆ ಸಿಗುವ ಗೂಡು, ಉಪಯೋಗಕ್ಕೆ ಬರೋದು ಹಳೆ ಲೀಸ್ ಮುಗಿದು ಹೊಸದು ಶುರುವಾಗುವ ನಡುವಿನ ದಿನಗಳಿಗೆ. ಬಾಡಿಗೆ ಓಡುತ್ತಿರುವಾಗ ಅದಕ್ಕೂ ದುಡ್ಡು ಕಟ್ಟೋದು ದಂಡ. ಐದಡಿ-ಹತ್ತಡಿಯ ಗೂಡಿನಲ್ಲಿ ಹಾಸಿಗೆ, ಮೇಜು, ಪಾತ್ರೆ ಎಲ್ಲ ಹಿಡಿದವು. ಬೇಳೆ, ಅಕ್ಕಿ ಇಡುವಂತಿಲ್ಲ.

ಯಾವ ದಾರಿ ಹಿಡಿದರೂ, ಎಫ್-1 (ವಿದ್ಯಾರ್ಥಿ) ವೀಸಾದವರು ವಾಸದ ವಿಳಾಸ ಬದಲಾದರೆ 10 ದಿನದೊಳಗೆ ಯೂನಿವರ್ಸಿಟಿಗೆ ತಿಳಿಸಬೇಕು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ಹೊಸ ಊರು ತಲುಪಿದ ದಿನವೇ ಮಾಡಿಬಿಡಿ.